ಬಾತುಕೋಳಿ ಗನ್ ಹೊಸ ಟಿವಿಯಲ್ಲಿ ಕೆಲಸ ಮಾಡುತ್ತಿಲ್ಲ, ಅಣ್ಣ ದೀಪಾವಳಿಗೆ ಬರುತ್ತಿದ್ದಾನೆ

ತೆಂಗಿನತೋಟ:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೆಯುತ್ತಿರುವುದು ಇದೇ ಮೊದಲ ಸಲ. ನಮ್ಮೂರು ತಿಪಟೂರು, ಈಗ ಇರುವುದು ಮೈಸೂರಿನಲ್ಲಿ. ಹಳೇ ಟಿವಿ ಗೇಮ್ ಬಗ್ಗೆ ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಸಹಾಯ ಮಾಡಿ.

ಹೋದ ತಿಂಗಳು ಊರಿನ ಮನೆಗೆ ಸುಣ್ಣ ಬಣ್ಣ ಮಾಡಿಸಿದೆವು. ಅಟ್ಟದ ಸಾಮಾನೆಲ್ಲ ಕೆಳಗೆ ಇಳಿಸುವಾಗ ಹಿತ್ತಾಳೆ ಕೊಳಗದ ಒಳಗೆ ಒಂದು ಗಂಟು ಸಿಕ್ಕಿತು. ಅಮ್ಮನ ಹಳೇ ವಾಯಲ್ ಸೀರೆಯ ತುಂಡು, ಅದರೊಳಗೆ ನಾಲ್ಕು ನುಸಿಗುಳಿಗೆ, ಅದರೊಳಗೆ ನಮ್ಮ ಟಿವಿ ಗೇಮ್! ಮಷಿನ್, ಆಟ ಆಡುವ ಎರಡು ರಿಮೋಟ್, ಆಟದ ಎರಡು ಕ್ಯಾಸೆಟ್, ಅಡಾಪ್ಟರ್, ಮತ್ತೆ ಆ ಗನ್. "ನೀವಿಬ್ಬರೂ ಇದಕ್ಕೋಸ್ಕರ ಅಷ್ಟು ಜಗಳ ಆಡಿದ್ದಿರಿ, ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ" ಅಂದರು ಅಮ್ಮ.

ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. 1997ರ ಬೇಸಿಗೆ ರಜೆಯಲ್ಲಿ ಮಂಡಿ ಕೆಲಸಕ್ಕೆ ಬೆಂಗಳೂರಿಗೆ ಹೋದವರು ಎಸ್‌ಪಿ ರೋಡಿನಿಂದ ಇದನ್ನು ತಂದರು. ಅಣ್ಣನಿಗೆ ಆಗ 13 ವರ್ಷ, ನನಗೆ 8. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ, ಸಂಜೆ ಕನ್ನಡ ಸಿನಿಮಾ ಶುರುವಾಗುವುದರೊಳಗೆ ನಮ್ಮ ಪಾಲಿನ ಆಟ ಮುಗಿಯಬೇಕು. ನಡುವೆ ಕರೆಂಟ್ ಹೋದರೆ ಆ ವಾರ ಅಷ್ಟೇ. ಕರೆಂಟ್ ಬರುತ್ತದೆ ಅಂತ ಇಬ್ಬರೂ ಆರಿದ ಟಿವಿ ಮುಂದೆಯೇ ಕೂತಿರುತ್ತಿದ್ದೆವು.

ಈಗ ತೊಂದರೆ ಏನು ಅಂದರೆ, ನಮ್ಮ ಮನೆಯಲ್ಲಿ ಇರುವುದು 43 ಇಂಚಿನ ಎಲ್‌ಇಡಿ ಟಿವಿ. ಅದರ ಹಿಂದೆ ಹಳದಿ, ಬಿಳಿ ಪಿನ್ ಚುಚ್ಚುವ ಜಾಗವೇ ಇಲ್ಲ, ಎವಿ ಅಂತ ಬರೆದ ಒಂದು ಸಣ್ಣ ತೂತು ಇದೆ. ಟಿವಿ ಡಬ್ಬದಲ್ಲೇ ಅದಕ್ಕೆ ಹಾಕುವ ಗಿಡ್ಡ ವೈರ್ ಇತ್ತು, ನಮ್ಮ ಮನೆಯವರು ಹುಡುಕಿ ಕೊಟ್ಟರು. ಹಾಕಿದೆ, ಚಿತ್ರ ಬಂತು. ಆ ಶಬ್ದ ಕೇಳಿದ ತಕ್ಷಣ ನನಗೆ ಗಂಟಲು ಕಟ್ಟಿತು. ಮಾರಿಯೋ ಓಡುತ್ತಾನೆ, ಕಾಯಿನ್ ತಗೊಳ್ಳುತ್ತಾನೆ. ಬಟನ್ ಒತ್ತಿದ ಮೇಲೆ ಹಾರುವುದು ಮಾತ್ರ ಒಂದು ಚೂರು ತಡ ಅನಿಸುತ್ತದೆ. ಮೊದಲು ಹಾಗಿರಲಿಲ್ಲ.

ಬಾತುಕೋಳಿ ಹೊಡೆಯುವ ಆಟ, ಡಕ್ ಹಂಟ್, ಅದೂ ಶುರುವಾಗುತ್ತದೆ. ನಾಯಿ ಮೂಸುತ್ತಾ ಬರುತ್ತದೆ, ಹುಲ್ಲಿಗೆ ಹಾರುತ್ತದೆ, ಬಾತುಕೋಳಿ ಏಳುತ್ತದೆ. ಗನ್ ಒತ್ತಿದರೆ ಗುಂಡಿನ ಶಬ್ದ ಬರುತ್ತದೆ, ಪರದೆ ಒಂದು ಕ್ಷಣ ಮಿಣಕ್ ಅನ್ನುತ್ತದೆ, ಕೆಳಗೆ ಮೂರರಲ್ಲಿ ಒಂದು ಗುಂಡು ಕಮ್ಮಿ ಆಗುತ್ತದೆ. ಆದರೆ ಬಾತುಕೋಳಿ ಬೀಳುವುದೇ ಇಲ್ಲ. ಗನ್ನಿನ ಮೂತಿಯನ್ನು ಟಿವಿಗೇ ಒತ್ತಿ ಹಿಡಿದು ಹೊಡೆದೆ, ಆಗಲೂ ಇಲ್ಲ. ಪ್ರತಿ ಸಲ ನಾಯಿ ಎದ್ದು ನಗುತ್ತದೆ. ನನ್ನ ಏಳು ವರ್ಷದ ಮಗ ಆ ನಾಯಿ ಮೇಲೆ ಸಿಟ್ಟು ಮಾಡಿಕೊಂಡು ಊಟ ಬಿಟ್ಟ.

ಹತ್ತಿರದ ಒಂದು ರಿಪೇರಿ ಅಂಗಡಿಯಲ್ಲಿ ತೋರಿಸಿದೆ. "ಗನ್ನಿನ ಐಸಿ ಹೋಗಿದೆ, ಎಸೆದುಬಿಡಿ" ಅಂದರು. ಬಿಚ್ಚಿ ನೋಡಲೂ ಇಲ್ಲ.

ಗನ್ ನಿಜವಾಗಿ ಕೆಟ್ಟಿದೆಯಾ? ಆನ್‌ಲೈನಿನಲ್ಲಿ ಇದೇ ಥರದ ಹೊಸ ಗನ್ ಕಾಣುತ್ತಿವೆ, ಅದನ್ನು ತಗೊಂಡರೆ ಕೆಲಸ ಮಾಡುತ್ತದಾ? ಅಣ್ಣ ಮಸ್ಕತ್‌ನಲ್ಲಿದ್ದಾನೆ. ನಾಲ್ಕು ವರ್ಷ ಆದ ಮೇಲೆ ಈ ದೀಪಾವಳಿಗೆ ಬರುತ್ತಿದ್ದಾನೆ, ಹಬ್ಬ ನಮ್ಮ ಮನೆಯಲ್ಲೇ. ಅಷ್ಟರೊಳಗೆ ಇದನ್ನು ಸರಿ ಮಾಡಲೇಬೇಕು.

ರಾತ್ರಿಪಾಳಿ:

ಅಕ್ಕ, ಹೊಸ ಗನ್ ತಗೋಬೇಡಿ, ದುಡ್ಡು ದಂಡ. ಆ ಥರದ ಗನ್ ಯಾವುದೂ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಟಿವಿ ಸೆಟಿಂಗ್ಸ್‌ನಲ್ಲಿ 'ಗೇಮ್ ಮೋಡ್' ಅಂತ ಇದ್ದರೆ ಹಾಕಿ. ಮಾರಿಯೋ ಹಾರುವ ತಡ ಸ್ವಲ್ಪ ಕಮ್ಮಿ ಆಗಬಹುದು, ಗನ್ ಮಾತ್ರ ಸರಿ ಹೋಗುವುದಿಲ್ಲ.

ಸುಲಭದ ದಾರಿ ಅಂದರೆ ಲ್ಯಾಪ್‌ಟಾಪ್‌ನಲ್ಲಿ ಎಮ್ಯುಲೇಟರ್, ಅಂದರೆ ಹಳೇ ಗೇಮ್ ಮಷಿನ್ ಥರವೇ ನಡೆಯುವ ಸಾಫ್ಟ್‌ವೇರ್ ಹಾಕಿ, ಗನ್ ಬದಲು ಮೌಸ್‌ನಿಂದ ಹೊಡೆಯುವುದು. ಗನ್ನೇ ಬೇಕು ಅಂದರೆ ಸಿಂಡೆನ್ ಅಂತ ಒಂದು ಹೊಸ ಗನ್ ಇದೆ. ಅದರ ಮೂತಿಯಲ್ಲಿ ಕ್ಯಾಮೆರಾ ಇರುತ್ತದೆ, ಪರದೆಯ ಸುತ್ತ ಒಂದು ಬಿಳಿ ಚೌಕಟ್ಟು ಬರುತ್ತದೆ. ಆ ಚೌಕಟ್ಟನ್ನು ನೋಡಿ ನೀವು ಎಲ್ಲಿಗೆ ಗುರಿ ಇಟ್ಟಿದ್ದೀರಿ ಅಂತ ಲೆಕ್ಕ ಹಾಕುತ್ತದೆ, ಹಾಗಾಗಿ ಎಲ್‌ಇಡಿಯಲ್ಲೂ ನಡೆಯುತ್ತದೆ. ಆದರೆ ಅದು ಕಂಪ್ಯೂಟರಿಗೆ ಹಾಕುವಂಥದ್ದು, ನಿಮ್ಮ ಹಳೇ ಮಷಿನ್‌ಗೆ ಹಾಗೇ ಚುಚ್ಚಲು ಆಗುವುದಿಲ್ಲ. ಬೆಲೆಯೂ ಜಾಸ್ತಿ.

ಪಿಕ್ಚರ್ ಟ್ಯೂಬ್:

ಅಮ್ಮಾ, ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ಗನ್ ಕೆಟ್ಟಿರಲಿಕ್ಕಿಲ್ಲ. ನಾನು ದಾವಣಗೆರೆಯಲ್ಲಿ 31 ವರ್ಷ ಟಿವಿ ರಿಪೇರಿ ಮಾಡಿದವನು. ಇದೇ ಪ್ರಶ್ನೆ ಹಿಡಿದು ನನ್ನ ಅಂಗಡಿಗೆ ಎಷ್ಟೋ ಜನ ಬಂದಿದ್ದಾರೆ. ಬಿಚ್ಚಿ ನೋಡದೆ ಎಸೆಯಿರಿ ಅನ್ನುವ ಮಾತು ಕೇಳಿದರೆ ನನಗೆ ಸಂಕಟ ಆಗುತ್ತದೆ.

ಜನ ಏನು ಅಂದುಕೊಂಡಿರುತ್ತಾರೆ ಅಂದರೆ ಗನ್ನಿನಿಂದ ಏನೋ ಒಂದು ಕಿರಣ ಹೊರಟು ಟಿವಿಗೆ ಬಡಿಯುತ್ತದೆ ಅಂತ. ಹಾಗಲ್ಲ. ಗನ್ನಿನಿಂದ ಏನೂ ಹೊರಗೆ ಹೋಗುವುದಿಲ್ಲ. ಬೆಳಕು ಒಳಗೆ ಬರುತ್ತದೆ. ಮೂತಿಯೊಳಗೆ ಒಂದು ಮಸೂರ, ಅದರ ಹಿಂದೆ ಬೆಳಕು ಕಂಡರೆ ಕರೆಂಟ್ ಬಿಡುವ ಒಂದು ಸಣ್ಣ ಕಣ್ಣು. ಅದು ಗನ್ನಲ್ಲ, ನೋಡುವ ಕೊಳವೆ.

ನೀವು ಟ್ರಿಗರ್ ಒತ್ತಿದ ಕೂಡಲೇ ಆಟ ಇಡೀ ಪರದೆಯನ್ನು ಒಂದು ಕ್ಷಣ, ಪರದೆಯ ಮೇಲೆ ಒಂದು ಚಿತ್ರ ಮೂಡುವಷ್ಟು ಹೊತ್ತು ಕಪ್ಪು ಮಾಡುತ್ತದೆ. ಮುಂದಿನ ಚಿತ್ರದಲ್ಲಿ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಹಾಕುತ್ತದೆ, ಉಳಿದದ್ದು ಕಪ್ಪು. ನೀವು 'ಮಿಣಕ್' ಅಂದಿರಲ್ಲ, ಅದು ಇದೇ. ಗನ್ನಿನ ಕಣ್ಣು ಮೊದಲು ಕತ್ತಲೆ ಕಂಡು, ಆಮೇಲೆ ಬೆಳಕು ಕಂಡರೆ ಗುರಿ ಸರಿ ಇದೆ ಅಂತ ಅರ್ಥ. ಬಾತುಕೋಳಿ ಬೀಳುತ್ತದೆ. ಎರಡೂ ಸಲ ಕತ್ತಲೆಯೇ ಕಂಡರೆ ಗುರಿ ತಪ್ಪಿದೆ. ಎರಡು ಬಾತುಕೋಳಿ ಇದ್ದರೆ ಒಂದಾದ ಮೇಲೆ ಒಂದಕ್ಕೆ ಬಿಳಿ ಚೌಕ ಬರುತ್ತದೆ. ಯಾವ ಚೌಕದ ಹೊತ್ತಿಗೆ ಬೆಳಕು ಕಂಡಿತು ಅನ್ನುವುದರ ಮೇಲೆ ಯಾವ ಕೋಳಿ ಅಂತ ಗೊತ್ತಾಗುತ್ತದೆ.

ಇಷ್ಟಕ್ಕೂ ಸಿಗುವ ಹೊತ್ತು ಕಣ್ಣು ಮಿಟುಕಿಸುವುದಕ್ಕಿಂತ ಕಮ್ಮಿ. ನಮ್ಮ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಇದು ಸರಾಗ ನಡೆಯುತ್ತಿತ್ತು. ಮಷಿನ್ ಕಳಿಸಿದ್ದನ್ನು ಟ್ಯೂಬು ಆ ಕ್ಷಣವೇ ಬರೆಯುತ್ತದೆ, ಇಟ್ಟುಕೊಳ್ಳುವುದಿಲ್ಲ. ಒಂದು ಕಿರಣ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಗೀಚುತ್ತಾ ಬರುತ್ತದೆ, ಸೆಕೆಂಡಿಗೆ ಸುಮಾರು 15 ಸಾವಿರ ಗೆರೆ. ಎಲ್‌ಇಡಿ ಟಿವಿ ಹಾಗಲ್ಲ. ಹಳೇ ಸಿಗ್ನಲ್ ತಗೊಂಡು, ಅಂಕಿಯಾಗಿ ಬದಲಿಸಿ, ತನ್ನ ಅಳತೆಗೆ ಹಿಗ್ಗಿಸಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಆಟ ಗನ್ನನ್ನು ಕೇಳಿ, ಉತ್ತರ ಇಲ್ಲ ಅಂತ ತೀರ್ಮಾನಿಸಿ, ಮುಂದಕ್ಕೆ ಹೋಗಿರುತ್ತದೆ. ಮಾರಿಯೋ ತಡವಾಗಿ ಹಾರುತ್ತಾನೆ ಅಂತ ಬರೆದಿರಲ್ಲ, ಅದನ್ನು ಓದಿದಾಗಲೇ ನನಗೆ ಖಾತ್ರಿಯಾಯಿತು. ಆ ತಡವೇ ಬಾತುಕೋಳಿಯನ್ನು ಉಳಿಸುತ್ತಿದೆ.

ಇನ್ನೊಂದು ಕಾರಣವೂ ಇದೆ. ಈ ಗನ್ನುಗಳ ಒಳಗಿನ ಸರ್ಕ್ಯೂಟನ್ನು ಆ 15 ಸಾವಿರ ಗೆರೆಯ ಮಿಡಿತಕ್ಕೆ ಹೊಂದಿಸಿರುತ್ತಾರೆ. ಮನೆಯ ಬಲ್ಬು, ಕಿಟಕಿಯ ಬಿಸಿಲು ಇವೆಲ್ಲ ಮೋಸ ಮಾಡಬಾರದು ಅಂತ. ಎಲ್‌ಇಡಿಯಲ್ಲಿ ಆ ಮಿಡಿತವೇ ಇಲ್ಲ. ಹಾಗಾಗಿ ಮೂತಿ ಒತ್ತಿ ಹಿಡಿದರೂ ಅಷ್ಟೇ.

ಒಂದು ಪಿಕ್ಚರ್ ಟ್ಯೂಬ್ ಟಿವಿ ಹುಡುಕಿ. 14 ಇಂಚಿದ್ದರೂ ನಡೆಯುತ್ತದೆ, ಕಪ್ಪು ಬಿಳುಪು ಆದರೂ ನಡೆಯುತ್ತದೆ. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಜಾಸ್ತಿ ಇಡಿ. ಐದಾರು ಅಡಿ ದೂರ ಕೂತು ಹೊಡೆಯಿರಿ. ಯಾವ ಕಾರಣಕ್ಕೂ ಟಿವಿಯ ಹಿಂದಿನ ಕವರ್ ಬಿಚ್ಚಬೇಡಿ. ಬಣ್ಣದ ಟ್ಯೂಬಿನ ಒಳಗೆ 20 ಸಾವಿರ ವೋಲ್ಟಿಗೂ ಜಾಸ್ತಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಉಳಿದಿರುತ್ತದೆ. ಇದನ್ನು ಮನೆಯಲ್ಲಿ ಮಗುವಿಗೂ ಹೇಳಿ.

ತೆಂಗಿನತೋಟ:

ಸರ್, ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ. ಎರಡು ಸಲ ಓದಿದೆ. ಮಗನಿಗೂ ಓದಿ ಹೇಳಿದೆ. "ಗನ್ ನೋಡುತ್ತಾ?" ಅಂತ ಕೇಳಿ, ಅದರ ಮೂತಿಯೊಳಗೆ ಇಣುಕಿ ನೋಡಿದ. ಒಳಗೆ ನಿಜವಾಗಿ ಗಾಜಿನ ಕಣ್ಣಿದೆ.

ರಾತ್ರಿಪಾಳಿ ಅವರೇ, ನೀವು ಹೇಳಿದ ಮೌಸ್ ದಾರಿ ಒಳ್ಳೆಯದೇ. ಆದರೆ ನನಗೆ ಅದು ಸಾಲುವುದಿಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ. ಇದನ್ನು ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿಲ್ಲ.

ಗನ್ ಯಾವತ್ತೂ ಅಣ್ಣನ ಕೈಯಲ್ಲೇ ಇರುತ್ತಿತ್ತು. ನಾನು ಚಿಕ್ಕವಳು, ಕೆಳಗೆ ಬೀಳಿಸಿಬಿಡುತ್ತೇನೆ ಅಂತ ನನಗೆ ಕೊಡುತ್ತಿರಲಿಲ್ಲ. ನಾನು ಅವನ ಹಿಂದೆ, ಮಂಚದ ಕಾಲಿಗೆ ಒರಗಿಕೊಂಡು ಕೂತು ನೋಡುವುದು. ಕೈಯಲ್ಲಿ ಏನಾದರೂ ಇರಲಿ ಅಂತ ರಿಮೋಟ್ ಹಿಡಿದುಕೊಂಡು, ಸುಮ್ನೆ ಬಟನ್ ಒತ್ತುತ್ತಾ ಇರುತ್ತಿದ್ದೆ. ಒಂದು ದಿನ ನನಗೆ ಅನಿಸಿತು, ನಾನು ಎಡಕ್ಕೆ ಒತ್ತಿದರೆ ಬಾತುಕೋಳಿ ಎಡಕ್ಕೆ ಹೋಗುತ್ತಿದೆ ಅಂತ. ಬಲಕ್ಕೆ ಒತ್ತಿದೆ, ಬಲಕ್ಕೆ ಬಂತು. ಎದೆ ಹೊಡೆದುಕೊಂಡಿತು. ಲಂಗದ ಮಡಿಕೆಯೊಳಗೆ ರಿಮೋಟ್ ಮುಚ್ಚಿಟ್ಟುಕೊಂಡೆ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ನಾನು ಬಾತುಕೋಳಿ ಆಗಿರುತ್ತಿದ್ದೆ. ಅಣ್ಣ ಟ್ರಿಗರ್ ಒತ್ತುವ ಮುಂಚೆ ಅವನ ಭುಜ ಒಂದು ಚೂರು ಮೇಲೆ ಏಳುತ್ತಿತ್ತು. ಹಿಂದೆ ಕೂತವಳಿಗೆ ಅದು ಚೆನ್ನಾಗಿ ಕಾಣುತ್ತಿತ್ತು. ಭುಜ ಎದ್ದ ಕೂಡಲೇ ನಾನು ಕೋಳಿಯನ್ನು ಪಕ್ಕಕ್ಕೆ ಎಳೆಯುತ್ತಿದ್ದೆ. ಅವನು ನನಗೆ ಏನಾದರೂ ಬೈದ ದಿನ ಜಾಸ್ತಿ ಎಳೆಯುತ್ತಿದ್ದೆ. ನನ್ನ ಪರವಾಗಿ ಅಪ್ಪನ ಹತ್ತಿರ ಮಾತಾಡಿದ ದಿನ ರಿಮೋಟ್ ಮುಟ್ಟುತ್ತಲೇ ಇರಲಿಲ್ಲ. ಹತ್ತರಲ್ಲಿ ಆರು ಹೊಡೆದರೆ ಮುಂದಿನ ರೌಂಡ್. ಎಷ್ಟೋ ಸಲ ಅವನನ್ನು ಐದಕ್ಕೇ ನಿಲ್ಲಿಸಿದ್ದೇನೆ. "ಇವತ್ತು ಕೋಳಿಗಳು ಭಾರೀ ಚುರುಕು ಕಣೇ" ಅನ್ನುತ್ತಿದ್ದ ಅವನು.

ಈಗ ನನ್ನ ನಿಜವಾದ ಪ್ರಶ್ನೆ ಇದು. ಅದು ನಿಜವಾಗಿ ನಡೆಯುತ್ತಿತ್ತಾ? ಎಂಟು ವರ್ಷದ ಮಗು ಅಂದುಕೊಂಡದ್ದಾ? ದೊಡ್ಡವಳಾದ ಮೇಲೆ ನನಗೆ ಇದರ ಬಗ್ಗೆ ನಂಬಿಕೆಯೇ ಹೋಗಿತ್ತು. ಗನ್ ಆಟಕ್ಕೆ ರಿಮೋಟ್ ಯಾಕೆ ಕೆಲಸ ಮಾಡಬೇಕು ಅಲ್ವಾ? ಹೋದ ವಾರ ಎಲ್‌ಇಡಿಯಲ್ಲಿ ಒತ್ತಿ ನೋಡಿದೆ. ಕೋಳಿ ತನ್ನ ಪಾಡಿಗೆ ಹಾರುತ್ತಿದೆ. ಅದಕ್ಕೇ ಮನಸ್ಸಿಗೆ ಒಂಥರಾ ಆಗಿದೆ.

ಹುಬ್ಬಳ್ಳಿ ಹುಡುಗ:

ಅಕ್ಕಾರ, ಖರೇನ ಅದು! ನೂರಕ್ಕೆ ನೂರು ಖರೇ. ನೀವು ಅಂದುಕೊಂಡದ್ದಲ್ಲ, ಆಟ ಮಾಡಿದವರೇ ಇಟ್ಟಿರುವ ಸೌಲಭ್ಯ ಅದು. ಒಬ್ಬರು ಗನ್ ಹಿಡಿಯುವುದು, ಇನ್ನೊಬ್ಬರು ರಿಮೋಟ್‌ನಿಂದ ಬಾತುಕೋಳಿ ಓಡಿಸುವುದು. ಅಸಲಿ ಕ್ಯಾಸೆಟ್ ಜೊತೆ ಬರುವ ಪುಸ್ತಕದಲ್ಲೇ ಬರೆದಿದ್ದರು. ನಮಗೆ ಆ ಪುಸ್ತಕ ಎಲ್ಲಿಂದ ಬರಬೇಕು? ನಮ್ಮ ಕಡೆ ಬಂದದ್ದೆಲ್ಲ ನಕಲು ಮಷಿನ್. ಅಸಲಿ ಅಂದರೆ ಜಪಾನಿನ ನಿಂಟೆಂಡೋದವರು 1983ರಲ್ಲಿ ತಂದ ಫ್ಯಾಮಿಕಾಂ. ಡಕ್ ಹಂಟ್ 1984ರದ್ದು, ಸೂಪರ್ ಮಾರಿಯೋ 1985ರದ್ದು. ನಮ್ಮ ಕೈಗೆ ಅವು ಹತ್ತು ಹನ್ನೆರಡು ವರ್ಷ ತಡವಾಗಿ, ಬೇರೆ ಬೇರೆ ಹೆಸರಿನ ಡಬ್ಬದಲ್ಲಿ ಬಂದವು. ಒಂದೇ ಕ್ಯಾಸೆಟ್‌ನಲ್ಲಿ 64 ಆಟ ಅಂತ ಬರೆದಿರುತ್ತಿದ್ದರು, ಹಾಕಿ ನೋಡಿದರೆ ಅದೇ ಏಳೆಂಟು ಆಟ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ. ಆದರೂ ಆ ಪಟ್ಟಿ ಮೇಲೆ ಕೆಳಗೆ ಓಡಿಸುವುದೇ ಭಾಳ ಖುಷಿ ಇತ್ತು.

ಒಂದು ಮಾತು. ಆ ಸೌಲಭ್ಯ ಇರುವುದು ಗೇಮ್ ಎ ಅಲ್ಲಿ ಮಾತ್ರ, ಅಂದರೆ ಒಂದೇ ಬಾತುಕೋಳಿ ಬರುತ್ತದಲ್ಲ, ಅದರಲ್ಲಿ. ಎರಡು ಕೋಳಿಯ ಗೇಮ್ ಬಿ ಅಲ್ಲಿ ಇಲ್ಲ. ನೀವು ಹೋದ ವಾರ ಯಾವುದರಲ್ಲಿ ನೋಡಿದಿರಿ? ಒಂದೇ ಕೋಳಿ ಇದ್ದೂ ಓಡಲಿಲ್ಲ ಅಂದರೆ ಇನ್ನೊಂದು ರಿಮೋಟ್ ಹಿಡಿದು ನೋಡಿ. ಎರಡರಲ್ಲಿ ಒಂದೇ ಅದಕ್ಕೆ ಕೆಲಸ ಮಾಡುತ್ತದೆ.

ಹಂಗೇ ಇನ್ನೆರಡು ಕೆಲಸ ಮಾಡಿ. ಕ್ಯಾಸೆಟ್ ಊದಬೇಡಿ. ನಾವೆಲ್ಲ ಊದಿದವರೇ, ಆದರೆ ಉಗುಳಿನ ಪಸೆ ತಾಗಿ ಆ ಬಂಗಾರ ಬಣ್ಣದ ಹಲ್ಲುಗಳು ಹಾಳಾಗುತ್ತವೆ. ಒಂದು ಕಡೆ 30, ಇನ್ನೊಂದು ಕಡೆ 30, ಒಟ್ಟು 60 ಹಲ್ಲು. ಶಾಲೆಯ ಪೆನ್ಸಿಲ್ ರಬ್ಬರ್ ತಗೊಂಡು ಹಗುರಾಗಿ ತಿಕ್ಕಿ, ಪುಡಿ ಕೊಡವಿ, ಆಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್ ಅನ್ನು ಹತ್ತಿಗೆ ಹಚ್ಚಿ ಒರೆಸಿ. ಪೂರ್ತಿ ಒಣಗಿದ ಮೇಲೆ ಹಾಕಿ. ಅಡಾಪ್ಟರ್ ಬದಲಿಸುವ ಪ್ರಸಂಗ ಬಂದರೆ ಹಳೆಯದರ ಮೇಲೆ ಬರೆದ ವೋಲ್ಟ್ ನೋಡಿ, ಪ್ಲಸ್ ಮೈನಸ್ ಯಾವ ಕಡೆ ಅಂತಲೂ ನೋಡಿ. ನಡುವಿನ ಪಿನ್ ಕೆಲವದರಲ್ಲಿ ಪ್ಲಸ್, ಕೆಲವದರಲ್ಲಿ ಮೈನಸ್. ಉಲ್ಟಾ ಹಾಕಿದರೆ ಮಷಿನ್ ಸುಟ್ಟೇ ಹೋಗಬಹುದು.

ನಮ್ಮ ಓಣಿಯಲ್ಲಿ ಒಂದು ನಂಬಿಕೆ ಇತ್ತು, ಗನ್ನನ್ನು ಬಲ್ಬಿಗೆ ಹಿಡಿದು ಹೊಡೆದರೆ ಕೋಳಿ ಬೀಳುತ್ತದೆ ಅಂತ. ಎಷ್ಟು ಸಲ ಮಾಡಿದರೂ ಬೀಳಲಿಲ್ಲ. ದಾವಣಗೆರೆ ಸರ್ ಬರೆದದ್ದು ಓದಿದ ಮೇಲೆ ಇವತ್ತು ತಿಳಿಯಿತು. ಮೊದಲು ಕತ್ತಲೆ ಕಾಣಬೇಕಲ್ಲ!

ರಾತ್ರಿಪಾಳಿ:

ಅಕ್ಕ, ನಿಮ್ಮ ಕಥೆ ಓದಿ ಕೆಲಸದ ನಡುವೆಯೇ ಎದ್ದು ಕೂತೆ. ಮೌಸ್ ಮಾತು ವಾಪಸ್ ತಗೊಂಡೆ.

ಬೆಳಗಿನ ಜಾವ ಮನೆಗೆ ಬಂದವನೇ ಎಮ್ಯುಲೇಟರ್‌ನಲ್ಲಿ ಹಾಕಿ ನೋಡಿದೆ. ಮೊದಲ ಪೋರ್ಟಿಗೆ ರಿಮೋಟ್, ಎರಡನೆಯದಕ್ಕೆ ಗನ್ ಅಂತ ಸೆಟ್ ಮಾಡಿ, ಗೇಮ್ ಎ ಶುರು ಮಾಡಿದೆ. ಎಡಕ್ಕೆ ಒತ್ತಿದರೆ ಎಡಕ್ಕೆ, ಬಲಕ್ಕೆ ಒತ್ತಿದರೆ ಬಲಕ್ಕೆ, ಬಾತುಕೋಳಿ ಹೇಳಿದ ಹಾಗೆ ಕೇಳುತ್ತದೆ. ಗೇಮ್ ಬಿ ಹಾಕಿದರೆ ಕೇಳುವುದಿಲ್ಲ. ಹುಬ್ಬಳ್ಳಿಯವರು ಹೇಳಿದ್ದು ಸರಿಯಾಗಿದೆ.

ನಿಮ್ಮ ಮೊಬೈಲ್ ಕ್ಯಾಮೆರಾದಲ್ಲಿ ಸ್ಲೋ ಮೋಷನ್ ಇದ್ದರೆ, ಟ್ರಿಗರ್ ಒತ್ತುವಾಗ ಟಿವಿಯ ವಿಡಿಯೋ ತೆಗೆಯಿರಿ. ಕಪ್ಪು ಪರದೆ, ಬಿಳಿ ಚೌಕ ಎರಡೂ ಕಣ್ಣಿಗೆ ಕಾಣುತ್ತವೆ. ಮಗನಿಗೆ ತೋರಿಸಿ.

ತೆಂಗಿನತೋಟ:

ನಿಮ್ಮೆಲ್ಲರ ಉತ್ತರ ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ. ಅದು ನಿಜವಾಗಿತ್ತು ಅಂತ ಗೊತ್ತಾದದ್ದಕ್ಕೆ. ಹೋದ ವಾರ ನಾನು ಎರಡು ಕೋಳಿಯ ಆಟವನ್ನೇ ಹಾಕಿದ್ದೆ.

ವಿಡಿಯೋ ತೆಗೆದೆವು. ನಿಧಾನವಾಗಿ ಓಡಿಸಿದಾಗ ಮೊದಲು ಆಕಾಶ, ಮರ, ಹುಲ್ಲು ಎಲ್ಲಾ ಮಾಯ ಆಗಿ ಕಪ್ಪು. ಆಮೇಲೆ ಬಾತುಕೋಳಿ ಇದ್ದ ಕಡೆ ಒಂದೇ ಒಂದು ಬಿಳಿ ಚೌಕ. ಇಷ್ಟು ವರ್ಷ ಅದು ನಮ್ಮ ಕಣ್ಣ ಮುಂದೆಯೇ ನಡೆಯುತ್ತಿತ್ತು, ನಾವು ನೋಡಿರಲೇ ಇಲ್ಲ. ಮಗ ಆ ವಿಡಿಯೋವನ್ನು ಹತ್ತು ಸಲ ನೋಡಿದ. ಈಗ ನಾಯಿ ಮೇಲೆ ಸಿಟ್ಟಿಲ್ಲ.

ಟ್ಯೂಬ್ ಟಿವಿ ಹುಡುಕುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಎರಡು ಗುಜರಿ ಅಂಗಡಿಯಲ್ಲಿ ಕೇಳಿದೆ. ಬಂದ ದಿನವೇ ಒಡೆದು ತಾಮ್ರ ತೆಗೆದುಬಿಡುತ್ತಾರಂತೆ. ಕೊನೆಗೆ ನಂಜನಗೂಡಿನ ಚಿಕ್ಕಮ್ಮನ ಮನೆಯಲ್ಲಿ ಸಿಕ್ಕಿತು, 21 ಇಂಚಿನದು. ಮೇಲೆ ಕ್ರೋಷಾ ಹಾಕಿದ ಬಟ್ಟೆ ಹೊದಿಸಿ, ಅದರ ಮೇಲೆ ದೇವರ ಫೋಟೋ ಇಟ್ಟಿದ್ದರು. "ಫೋಟೋ ಇಡೋಕೆ ಸ್ಟೂಲ್ ತಂದುಕೊಟ್ಟು ಟಿವಿ ತಗೊಂಡು ಹೋಗು" ಅಂದರು. ಸ್ಟೂಲ್ ಕೊಟ್ಟೆ. ಟಿವಿ ಎತ್ತಲು ಇಬ್ಬರು ಬೇಕಾಯಿತು. ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ, ಅದರ ಮೇಲೆ ಇಟ್ಟು ತಂದೆವು. ಹಿಂದಿನ ಕವರ್ ಮುಟ್ಟಿಲ್ಲ ಸರ್. ಕ್ಯಾಸೆಟ್‌ಗಳನ್ನು ರಬ್ಬರ್‌ನಿಂದ ತಿಕ್ಕಿ ಒರೆಸಿದೆ, ರಬ್ಬರ್ ಕಪ್ಪಗಾಯಿತು.

ಹಬ್ಬಕ್ಕೆ ಇನ್ನು ನಾಲ್ಕು ದಿನ. ಅಣ್ಣ ಬರುವ ತನಕ ಗನ್ ಹೊಡೆದು ನೋಡುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಮೊದಲ ಗುಂಡು ಅವನದೇ ಆಗಬೇಕು.

ಪಿಕ್ಚರ್ ಟ್ಯೂಬ್:

ಒಳ್ಳೆಯ ಕೆಲಸ ಮಾಡಿದಿರಿ ಅಮ್ಮಾ. ಬಹಳ ದಿನ ಸುಮ್ಮನೆ ಇದ್ದ ಟಿವಿ. ಹಾಗಾಗಿ ಮೊದಲ ದಿನ ಅರ್ಧ ಗಂಟೆ ಮಾತ್ರ ಹಾಕಿ, ಪಕ್ಕದಲ್ಲೇ ಇರಿ. ಸುಟ್ಟ ವಾಸನೆ ಬಂದರೆ, ಚಟ್ ಚಟ್ ಅಂತ ಶಬ್ದ ಬಂದರೆ ತಕ್ಷಣ ಪ್ಲಗ್ ತೆಗೆಯಿರಿ. ಎರಡೂ ಇಲ್ಲದಿದ್ದರೆ ಧೈರ್ಯವಾಗಿ ಆಡಿ.

ತೆಂಗಿನತೋಟ:

ಸರ್, ರಾತ್ರಿಪಾಳಿ ಅವರೇ, ಹುಬ್ಬಳ್ಳಿ ಅಣ್ಣ, ನಿಮಗೆ ಹೇಳದೆ ನಿದ್ದೆ ಬರುವುದಿಲ್ಲ. ಇವತ್ತು ಬಲಿಪಾಡ್ಯಮಿ. ಊಟ ಆದ ಮೇಲೆ ಟಿವಿ ಹಾಕಿದೆ. ಟ್ಯೂಬು ಬಿಸಿಯಾಗುವಾಗ ಬರುವ ಆ ಸಣ್ಣ ಕೀಂ ಅನ್ನುವ ಶಬ್ದ ಕೇಳಿ ಅಣ್ಣ ಊಟದ ತಟ್ಟೆ ಹಿಡಿದುಕೊಂಡೇ ಒಳಗಿನಿಂದ ಬಂದ. ಗನ್ ನೋಡಿದ. ಏನೂ ಮಾತಾಡಲಿಲ್ಲ. ಕೈ ತೊಳೆದುಕೊಂಡು ಬಂದು ನೆಲದ ಮೇಲೆ ಕೂತ.

ಮೊದಲ ಗುಂಡಿಗೇ ಬಿತ್ತು! ಕೋಳಿ ಒಂದು ಕ್ಷಣ ಗಾಳಿಯಲ್ಲಿ ನಿಂತು, ಆಮೇಲೆ ತಿರುಗುತ್ತಾ ಕೆಳಗೆ ಬಿತ್ತು. ನಾಯಿ ಅದನ್ನು ಎತ್ತಿ ತೋರಿಸಿತು. ಮಗ ಕುಣಿದ. ಮೊದಲ ರೌಂಡಿನಲ್ಲಿ ಹತ್ತರಲ್ಲಿ ಒಂಬತ್ತು. ಅಣ್ಣನಿಗೆ ಈಗ ಕನ್ನಡಕ ಬಂದಿದೆ, ತಲೆಗೂದಲು ನರೆತಿದೆ, ಕೈ ಮಾತ್ರ ಅದೇ ಕೈ.

ಎರಡನೇ ರೌಂಡಿಗೆ ನಾನು ಅವನ ಹಿಂದೆ ಹೋಗಿ, ಸೋಫಾ ಕಾಲಿಗೆ ಒರಗಿ ಕೂತೆ. ರಿಮೋಟನ್ನು ಸೆರಗಿನೊಳಗೆ ಇಟ್ಟುಕೊಂಡೆ. ಅವನ ಭುಜ ಇವತ್ತಿಗೂ ಏಳುತ್ತದೆ. ಮೂರು ಗುಂಡು ಹೋದವು, ಕೋಳಿ ಹಾರಿಹೋಯಿತು, ನಾಯಿ ನಕ್ಕಿತು. ಮತ್ತೆ ಮೂರು ಗುಂಡು, ಮತ್ತೆ ನಾಯಿ. ನಾಲ್ಕನೇ ಕೋಳಿಗೆ ಅವನು ಗನ್ ಕೆಳಗೆ ಇಳಿಸಿ, "ಇವತ್ತು ಕೋಳಿಗಳು ಭಾರೀ ಚುರುಕು ಕಣೇ" ಅಂದ. ಅದೇ ಮಾತು, ಅದೇ ಧ್ವನಿ. ನನಗೆ ತಡೆಯಲು ಆಗಲಿಲ್ಲ. ಸೆರಗು ಸರಿಸಿ ರಿಮೋಟ್ ತೋರಿಸಿದೆ.

ಅವನು ರಿಮೋಟ್ ನೋಡಿದ, ನನ್ನ ಮುಖ ನೋಡಿದ, ಟಿವಿ ನೋಡಿದ. ನಾನು ಎಡಕ್ಕೆ ಒತ್ತಿದೆ, ಕೋಳಿ ಎಡಕ್ಕೆ ಹೋಯಿತು. "ಆವಾಗಿಂದಾನಾ?" ಅಂತ ಕೇಳಿದ. ಹೌದು ಅಂದೆ. ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಗನ್ ನನ್ನ ಕೈಗೆ ಕೊಟ್ಟು, ರಿಮೋಟ್ ತಾನು ಇಸಕೊಂಡು, ನನ್ನ ಹಿಂದೆ ಹೋಗಿ ಕೂತ. "ಹೊಡಿ ನೋಡೋಣ" ಅಂದ.

ಆ ಗನ್ ಅಂದುಕೊಂಡದ್ದಕ್ಕಿಂತ ಹಗುರ ಇದೆ. ಹತ್ತರಲ್ಲಿ ಎರಡು ಹೊಡೆದೆ. ಅಮ್ಮ ಬಾಗಿಲಲ್ಲಿ ನಿಂತು ಎಲ್ಲಾ ನೋಡುತ್ತಿದ್ದರು. "ಕರೆಂಟ್ ಹೋಗೋದ್ರೊಳಗೆ ಮಗೂಗೂ ಒಂದು ಸಲ ಕೊಡಿ" ಅಂದರು.

ಸರ್, ಒಂದು ಸಣ್ಣ ತೊಂದರೆ ಉಳಿದಿದೆ. ಪರದೆಯ ಎಡಗಡೆ ಕೆಳ ಮೂಲೆಯಲ್ಲಿ ಒಂದು ಹಸಿರು ಕಲೆ ಇದೆ, ಅಂಗೈ ಅಗಲ. ಟ್ಯೂಬು ಹೋಗುತ್ತಿದೆಯಾ?

ಪಿಕ್ಚರ್ ಟ್ಯೂಬ್:

ಇಲ್ಲ ಅಮ್ಮಾ, ಹೆದರಬೇಡಿ. ಪಕ್ಕದಲ್ಲಿ ಸ್ಪೀಕರ್ ಇಟ್ಟಿದ್ದೀರಾ? ಅದರೊಳಗಿನ ಅಯಸ್ಕಾಂತ ಕಿರಣವನ್ನು ಪಕ್ಕಕ್ಕೆ ಎಳೆಯುತ್ತದೆ, ಬಣ್ಣ ಕೆಡುತ್ತದೆ. ಸ್ಪೀಕರನ್ನು ಮೂರು ಅಡಿ ದೂರ ಇಡಿ. ಟಿವಿ ಪ್ಲಗ್ ತೆಗೆದು ಅರ್ಧ ಗಂಟೆ ಬಿಟ್ಟು ಹಾಕಿ. ತಣ್ಣಗಿದ್ದಾಗ ಆನ್ ಮಾಡಿದರೆ ಟಿವಿಯೊಳಗಿನ ಸುರುಳಿ ಒಂದು ಸಲ 'ಡುಂ' ಅಂತ ಕೆಲಸ ಮಾಡಿ ಆ ಕಲೆ ತೆಗೆಯುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಅರ್ಧ ಗಂಟೆ ಬಿಟ್ಟು ಹಾಗೇ ಮಾಡಿ.

ಅಣ್ಣ ಹೊರಡುವುದು ಯಾವತ್ತು?

ತೆಂಗಿನತೋಟ:

ಎರಡು ಸಲಕ್ಕೆ ಹೋಯಿತು ಸರ್, ಪೂರ್ತಿ ಹೋಯಿತು. ಸ್ಪೀಕರೇ ಕಾರಣ.

ಅಣ್ಣ ಹೊರಡುವುದು ಮುಂದಿನ ಗುರುವಾರ. ಈಗ ರಾತ್ರಿ ಹತ್ತೂವರೆ, ಅವನು ಇನ್ನೂ ಟಿವಿ ಮುಂದೆ ಕೂತಿದ್ದಾನೆ. ಮಗ ಅವನ ಹಿಂದೆ ಕೂತಿದ್ದಾನೆ, ಕೈ ಕಂಬಳಿಯೊಳಗೆ ಇದೆ.